ಮಾಡು ಬಿಚ್ಚಲು ತಕ್ಕ ಕಾಲ

ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯ ಮಾಡನ್ನು, ಅಂದರೆ ಹೆಂಚಿನ ಛಾವಣಿಯನ್ನು, ಪೂರ್ತಿಯಾಗಿ ಬಿಚ್ಚಿ, ಕುಟ್ಟೆ ಹುಳು ಹಿಡಿದ ಪಕಾಸಿ (ಇಳಿಜಾರಿನ ಮರಗಳು) ಮತ್ತು ರೀಪುಗಳನ್ನು (ಹೆಂಚು ಕೂರುವ ಅಡ್ಡಪಟ್ಟಿಗಳು) ಬದಲಿಸಿ, ಹೊಸ ಮಂಗಳೂರು ಹೆಂಚು ಹೊದಿಸುವುದೆಂದು ತೀರ್ಮಾನವಾದಾಗ, ಮನೆಯವರ ಚರ್ಚೆ ಖರ್ಚಿಗಿಂತ ಹೆಚ್ಚಾಗಿ ತಿಂಗಳಿನ ಸುತ್ತಲೇ ನಡೆಯಿತು. ಮಳೆಗಾಲ ಹಿಡಿಯುವುದು ಜೂನ್‌ನಲ್ಲಿ, ಆದ್ದರಿಂದ ಮೇ ಕೊನೆಯವರೆಗೂ ಅವಕಾಶವಿದೆ ಎಂಬುದು ಹಲವರ ಲೆಕ್ಕವಾಗಿತ್ತು. ನಾನು ಏಪ್ರಿಲ್ ಹತ್ತರೊಳಗೆ ಕೊನೆಯ ಹೆಂಚು ಕೂರಬೇಕೆಂದು ಹಟ ಹಿಡಿದೆ.

ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಜೂನ್ 8ಕ್ಕೆ ಬಂದರೆ, 2025ರಲ್ಲಿ ಮೇ 24ಕ್ಕೇ ಬಂದಿತು. ಈ ಏರುಪೇರನ್ನಾದರೂ ಹವಾಮಾನ ಇಲಾಖೆ ಮೇ ನಡುವಿನಲ್ಲಿ ಕೊಡುವ ಮುನ್ಸೂಚನೆಯಿಂದ ತಕ್ಕಮಟ್ಟಿಗೆ ಊಹಿಸಬಹುದು. ಬಿಚ್ಚಿದ ಮಾಡಿಗೆ ನಿಜವಾದ ಅಪಾಯವಿರುವುದು ಅದಕ್ಕೂ ಮುಂಚಿನ ಗುಡುಗು ಮಳೆಯಿಂದ. ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ ಎಂದು ಮಳೆ ನಕ್ಷತ್ರಗಳು ಸಾಲಾಗಿ ಹುಟ್ಟುತ್ತವೆ. ಬೆಳಿಗ್ಗೆ ಸುಡುಬಿಸಿಲಿದ್ದು, ಮಧ್ಯಾಹ್ನ ಕಳೆಯುತ್ತಲೇ ಮೋಡ ಕವಿದು, ಯಾವ ದಿಕ್ಕಿನಿಂದ ಬೀಸುತ್ತದೆಂದು ಹೇಳಲಾಗದ ಗಾಳಿಯೊಂದಿಗೆ ಅರ್ಧ ಗಂಟೆಯಲ್ಲಿ ಸುರಿದು ಹೋಗುವ ಮಳೆಗಳಿವು. ಭರಣಿ ಸುರಿಯಲೆಂದು ಊರೆಲ್ಲ ಹಾರೈಸುವಾಗ ಮಾಡು ಬಿಚ್ಚಿಕೊಂಡು ಕುಳಿತವನ ಹಾರೈಕೆ ಬೇರೆಯೇ ಆಗಿರುತ್ತದೆ. ಇದರ ಮೇಲೆ ಅರಬ್ಬೀ ಸಮುದ್ರದ ಚಂಡಮಾರುತಗಳೂ ಮೇ ತಿಂಗಳಲ್ಲಿ ಏಳಬಹುದು; 2021ರ ಮೇ ನಡುವಿನಲ್ಲಿ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಗುಜರಾತಿಗೆ ಹೋಯಿತು, ಆದರೂ ಅದರ ಗಾಳಿ ಮಳೆ ಇಲ್ಲಿನವರನ್ನು ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಾಡಿಸಬಹುದಲ್ಲ ಎಂದು ಕೇಳಿದವರೂ ಇದ್ದರು. ಅಕ್ಟೋಬರ್‌ನಲ್ಲಿ ಗುಡುಗು ಮಳೆ ಮತ್ತೆ ತಲೆಯೆತ್ತುತ್ತದೆ, ನಾಲ್ಕು ತಿಂಗಳು ನೆನೆದ ಗೋಡೆಗೂ ಮರಕ್ಕೂ ಒಣಗಲು ಸಮಯ ಬೇಕಾಗುತ್ತದೆ, ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿ ಆಳು ಸಿಗುವುದೇ ಕಷ್ಟವಾಗುತ್ತದೆ. ಕೊಯ್ಲು, ಸುಲಿತ ಮುಗಿದು ಜನ ಬಿಡುವಾಗುವ ಹೊತ್ತಿಗೆ ಫೆಬ್ರವರಿ ಕೊನೆ ಬಂದಿರುತ್ತದೆ. ಹೀಗೆ ಎರಡೂ ಕಡೆಯಿಂದ ಕತ್ತರಿಸುತ್ತ ಬಂದರೆ ಉಳಿಯುವುದು ಮಾರ್ಚ್ ಮತ್ತು ಅದರ ಆಚೀಚೆಯ ಕೆಲವು ದಿನಗಳು ಮಾತ್ರ. ಆದರೆ ಮಾರ್ಚ್‌ನಲ್ಲಿ ಕೆಲಸ ನಡೆಯಬೇಕಾದರೆ ಮರವನ್ನು ಹಿಂದಿನ ಬೇಸಿಗೆಯಲ್ಲೇ ಕೊಯ್ಯಿಸಿ ನೆರಳಿನಲ್ಲಿ ಒಣಗಿಸಿರಬೇಕು. ಹಸಿ ಮರದ ಪಕಾಸಿ ಒಣಗುತ್ತ ತಿರುಚಿಕೊಂಡರೆ ಹೆಂಚಿನ ಸಾಲು ಎದ್ದು, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹೆಂಚನ್ನು ಮಾತ್ರ ಜನವರಿಯಲ್ಲಿ ತರಿಸಿದೆವು, ಇಳಿಸುವಾಗಲೇ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಣಕಣ ಎನ್ನದವನ್ನು ಬೇರೆ ಇಟ್ಟೆವು.

ಇಡೀ ಮಾಡನ್ನು ಒಂದೇ ದಿನ ಬಿಚ್ಚುವುದು ಬೇಡವೆಂದು ಬಡಗಿ ಮೊದಲೇ ಹೇಳಿದ್ದರು, ಅದು ನನಗೂ ಸರಿ ಕಂಡಿತು. ಸಂಜೆಯೊಳಗೆ ಹೊದಿಸಲು ಸಾಧ್ಯವಾಗುವಷ್ಟು ಅಂಕಣವನ್ನು ಮಾತ್ರ ತೆರೆಯುವುದು, ಟಾರ್ಪಾಲು ಮತ್ತು ಹಗ್ಗವನ್ನು ಮೇಲೆಯೇ ಸಿದ್ಧವಾಗಿ ಇಟ್ಟುಕೊಳ್ಳುವುದು, ಪಡುವಣ ಇಳಿಜಾರನ್ನು ಮೊದಲು ಮುಗಿಸುವುದು ಎಂದಾಯಿತು. ಆಷಾಢದ ಗಾಳಿ ಮಳೆ ಬಡಿಯುವುದು ಆ ಮಗ್ಗುಲಿಗೇ ಆದ್ದರಿಂದ, ಕೆಲಸ ಅರ್ಧಕ್ಕೆ ನಿಂತರೂ ಅದೊಂದು ಭದ್ರವಾಗಿರುತ್ತದೆ. ಮಂಗಳೂರು ಹೆಂಚು ನಿಲ್ಲುವುದು ತನ್ನ ಭಾರದಿಂದ, ರೀಪಿಗೆ ಸಿಕ್ಕುವ ಮೂತಿಯಿಂದ, ಪಕ್ಕದ ಹೆಂಚಿನ ಹಿಡಿತದಿಂದ. ಸೂರಿನ ಕೆಳಗೆ ನುಗ್ಗುವ ಗಾಳಿ ಅಂಚಿನ ಸಾಲನ್ನೇ ಮೊದಲು ಎತ್ತುತ್ತದೆ. ಹಾಗಾಗಿ ಸೂರಿನ ಸಾಲುಗಳನ್ನು ತಂತಿಯಿಂದ ರೀಪಿಗೆ ಕಟ್ಟಿಸಿದೆವು, ನೆತ್ತಿಯ ಹೆಂಚಿಗೆ ಗಾರೆ ಹಾಕಿಸಿದೆವು. ಮಾಡಿನ ಮೇಲೆ ಬಾಗಿದ್ದ ಹಲಸಿನ ಕೊಂಬೆಯನ್ನು ಕಡಿಸಲು ಅತ್ತೆಗೆ ಮನಸ್ಸಿರಲಿಲ್ಲ, ಕಡಿಸಿದ್ದಾಯಿತು.

ಇಷ್ಟೆಲ್ಲ ರಗಳೆ ಏಕೆ, ತಗಡಿನ ಶೀಟು ಹಾಕಿಸಿದರೆ ನಾಲ್ಕು ದಿನದ ಕೆಲಸ ಎಂದವರ ಮಾತಿನಲ್ಲಿ ಹುರುಳಿದೆ. ಆದರೆ ಮಲೆನಾಡಿನ ಜುಲೈ ರಾತ್ರಿಯಲ್ಲಿ ತಗಡಿನ ಕೆಳಗೆ ಮಲಗಿದವರಿಗೆ ಅದರ ಸದ್ದು ಎಂಥದೆಂದು ಗೊತ್ತು.

ಬಿಚ್ಚಿದ ಹಳೆಯ ಹೆಂಚಿನಲ್ಲಿ ಗಟ್ಟಿಯಾದವನ್ನು ಕೊಟ್ಟಿಗೆಯ ಮಾಡಿಗೆ ಬಳಸಿದೆವು. ಹೊಸದರಲ್ಲಿ ನೂರರಷ್ಟನ್ನು ಅಟ್ಟದ ಮೇಲೆ ಇಟ್ಟಿದ್ದೇವೆ, ಏಕೆಂದರೆ ಒಂದು ಕಾರ್ಖಾನೆಯ ಅಚ್ಚಿನ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಮತ್ತು ಮಂಗ ಬಂದು ಹೆಂಚು ಒಡೆಯುವುದಕ್ಕೆ ಯಾವ ನಕ್ಷತ್ರದ ಹಂಗೂ ಇಲ್ಲ.