ರೈಟಿಯಸ್ ಕಿಲ್: ಕೊಲೆಗಾರ ಯಾರೆಂದು ಪೋಸ್ಟರೇ ಹೇಳಿಬಿಟ್ಟರೆ

ಅಲ್ ಪಚಿನೊ ಮತ್ತು ರಾಬರ್ಟ್ ಡಿ ನಿರೊ ಒಂದೇ ಚಿತ್ರದಲ್ಲಿ, ಅದೂ ಬಹುಪಾಲು ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತಾರೆಂದರೆ ಸಿನಿಮಾಪ್ರಿಯರಿಗೆ ಅದಕ್ಕಿಂತ ದೊಡ್ಡ ಆಮಿಷ ಬೇಕಿಲ್ಲ. 1974ರ 'ದಿ ಗಾಡ್‌ಫಾದರ್' ಎರಡನೆಯ ಭಾಗದಲ್ಲಿ ಒಬ್ಬರು ಮಗನಾಗಿ, ಇನ್ನೊಬ್ಬರು ಯೌವನದ ತಂದೆಯಾಗಿ ಬೇರೆಬೇರೆ ಕಾಲಘಟ್ಟಗಳಲ್ಲಿ ನಟಿಸಿದ್ದರಿಂದ ಮುಖಾಮುಖಿಯಾಗಲೇ ಇಲ್ಲ. 1995ರ 'ಹೀಟ್'ನಲ್ಲಿ ಎದುರುಬದುರಾದದ್ದು ಕೆಲವೇ ನಿಮಿಷ. ಈ ಕೊರತೆಯನ್ನು ನೀಗಿಸಬೇಕಿದ್ದದ್ದು 2008ರಲ್ಲಿ ಜಾನ್ ಆವ್ನೆಟ್ ನಿರ್ದೇಶಿಸಿದ 'ರೈಟಿಯಸ್ ಕಿಲ್'.

ಟರ್ಕ್ ಮತ್ತು ರೂಸ್ಟರ್ ನ್ಯೂಯಾರ್ಕಿನ ಪೊಲೀಸ್ ಪತ್ತೇದಾರರು, ದಶಕಗಳ ಜೋಡಿ. ಕಾನೂನಿನ ಕೈಯಿಂದ ನುಣುಚಿಕೊಂಡ ದುಷ್ಟರನ್ನು ಯಾರೋ ಒಬ್ಬೊಬ್ಬರಾಗಿ ಕೊಂದು, ಹೆಣದ ಬಳಿ ಪದ್ಯದ ಚೀಟಿಯೊಂದನ್ನು ಬಿಟ್ಟುಹೋಗುತ್ತಿದ್ದಾರೆ. ಚಿತ್ರ ಶುರುವಾಗುತ್ತಲೇ ಟರ್ಕ್ ಪಾತ್ರದ ಡಿ ನಿರೊ ಕ್ಯಾಮೆರಾದ ಎದುರು ಕುಳಿತು ಕೊಲೆಗಳನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ಇಷ್ಟು ಬೇಗ, ಇಷ್ಟು ಒತ್ತಿ ಒತ್ತಿ ಒಬ್ಬನತ್ತ ಬೆರಳು ತೋರಿಸಿದರೆ ಅವನಲ್ಲ ಎಂಬುದು ಎಂಥ ಪ್ರೇಕ್ಷಕನಿಗೂ ಹೊಳೆಯುತ್ತದೆ. ಅವನಲ್ಲದಿದ್ದರೆ ಇನ್ಯಾರು? ಪೋಸ್ಟರಿನಲ್ಲಿರುವ ದೊಡ್ಡ ಮುಖಗಳು ಎರಡೇ. (ಹದಿನೈದು ವರ್ಷಕ್ಕೂ ಹಳೆಯ ಚಿತ್ರ, ಗುಟ್ಟು ಬಯಲು ಮಾಡಿದೆನೆಂದು ಯಾರೂ ಕೋಪಿಸಿಕೊಳ್ಳಬಾರದು.)

ಊಹಿಸಬಹುದಾದ ಕಥೆಯೆಂಬುದಷ್ಟೇ ನನ್ನ ತಕರಾರಲ್ಲ. ಕೊಲೆಗಾರ ಯಾರೆಂಬುದನ್ನು ಕೊನೆಯವರೆಗೆ ಬಚ್ಚಿಡಬೇಕೆಂಬ ಹಟಕ್ಕಾಗಿ ಇಬ್ಬರು ನಾಯಕರ ಅಂತರಂಗಕ್ಕೂ ಚಿತ್ರಕಥೆ ಬೀಗ ಜಡಿದಿದೆ. ಪಚಿನೊ ತಪ್ಪಿತಸ್ಥನ ಮುಖ ತೋರಿಸುವಂತಿಲ್ಲ, ಡಿ ನಿರೊ ನಿರಪರಾಧಿಯ ಮುಖ ತೋರಿಸುವಂತಿಲ್ಲ. ಉಳಿದದ್ದು ಚಟಾಕಿ ಹಾರಿಸುತ್ತ, ಹುಬ್ಬು ಗಂಟಿಕ್ಕುತ್ತ ಹೊತ್ತು ಕಳೆಯುವುದೊಂದೇ. ಕಾರ್ಲಾ ಗುಗಿನೊ, ಜಾನ್ ಲೆಗ್ವಿಜಾಮೊ, ಬ್ರಯಾನ್ ಡೆನ್ನಹಿಯಂಥ ಸಮರ್ಥರಿಗೂ ಅನುಮಾನವನ್ನು ಅತ್ತಿತ್ತ ಸಾಗಿಸುವ ಕೂಲಿಯಷ್ಟೇ ದಕ್ಕಿದೆ.

'ಹೀಟ್'ನ ಕಾಫಿ ದೃಶ್ಯವನ್ನು ನೆನಪಿಸಿಕೊಳ್ಳಿ. ಪೊಲೀಸ್ ಯಾರು, ದರೋಡೆಕೋರ ಯಾರು ಎಂಬುದು ಅವರಿಬ್ಬರಿಗೂ ಗೊತ್ತು, ನಮಗೂ ಗೊತ್ತು. ಹೆಚ್ಚು ತಾಲೀಮು ಬೇಡವೆಂದು ಡಿ ನಿರೊ ಸೂಚಿಸಿದ್ದರಂತೆ. ನಿರ್ದೇಶಕ ಮೈಕೆಲ್ ಮನ್ ಎರಡು ಕ್ಯಾಮೆರಾಗಳನ್ನು ಒಟ್ಟಿಗೇ ಓಡಿಸಿ, ಒಬ್ಬರ ಭುಜದಾಚೆಯಿಂದ ಇನ್ನೊಬ್ಬರ ಮುಖವನ್ನು ಹಿಡಿದರು. ಬಚ್ಚಿಡಲು ಏನೂ ಇಲ್ಲದ್ದರಿಂದಲೇ ಅಲ್ಲಿ ಒಂದು ಅರೆನಗೆಗೂ, ಮಾತಿನ ನಡುವಿನ ಒಂದು ತಡವರಿಕೆಗೂ ತೂಕ ಬಂದಿದೆ.

ಹಾಗೆಂದು 'ರೈಟಿಯಸ್ ಕಿಲ್'ನಲ್ಲಿ ಸರಕೇ ಇರಲಿಲ್ಲವೆನ್ನಲಾಗದು. ಪುಟ್ಟ ಹುಡುಗಿಯೊಬ್ಬಳನ್ನು ಕೊಂದವನು ಖುಲಾಸೆಯಾದಾಗ ಟರ್ಕ್ ಸುಳ್ಳು ಸಾಕ್ಷ್ಯ ನೆಟ್ಟು ಅವನನ್ನು ಬೇರೊಂದು ಪ್ರಕರಣದಲ್ಲಿ ಜೈಲಿಗೆ ಕಳಿಸುತ್ತಾನೆ, ಆದರ್ಶವೆಂದು ನಂಬಿದ್ದ ಗೆಳೆಯನೇ ಹೀಗೆ ಮಾಡಿದ್ದನ್ನು ಕಂಡ ರೂಸ್ಟರ್ ಒಳಗೊಳಗೇ ಕುಸಿಯುತ್ತಾನೆ. ಇನ್ನೊಬ್ಬನ ನಿಷ್ಠೆಯ ಮೇಲೆ ಬದುಕು ಕಟ್ಟಿಕೊಂಡವನು ಆ ನಿಷ್ಠೆ ಮುರಿದಾಗ ಏನಾಗುತ್ತಾನೆಂಬುದನ್ನು ಪಚಿನೊ ಎರಡು ಗಂಟೆ ಅಭಿನಯಿಸಿ ತೋರಿಸಬಲ್ಲರು. ಆದರೆ ಚಿತ್ರಕಥೆ ಬರೆದ ರಸೆಲ್ ಗೆವಿರ್ಟ್ಜ್ ಅದನ್ನು ತಿರುವಿನ ವಿವರಣೆಯಾಗಿಸಿ, ಕೊನೆಯ ಕೆಲವು ನಿಮಿಷಗಳಲ್ಲಿ ಗಡಿಬಿಡಿಯಿಂದ ಪಿಸ್ತೂಲು ಹಿಡಿದ ಪಚಿನೊ ಬಾಯಿಂದಲೇ ಹೇಳಿಸಿ ಕೈತೊಳೆದುಕೊಂಡಿದ್ದಾರೆ.