ಬೋರ್ಡು ಇಳಿಸಿ ಅಂತ ನೋಟಿಸ್ ಬಂದ ದಿನ

ಶಟರ್ ಎತ್ತಿ ಮೊದಲ ಕಾವಲಿ ಕಾಯುವ ಹೊತ್ತಿಗೆ ಸ್ಪೀಡ್ ಪೋಸ್ಟ್ ಬರುತ್ತದೆ: ‘ಈ ಹೆಸರು ನಮ್ಮ ಕಕ್ಷಿದಾರರದು, 15 ದಿನದೊಳಗೆ ಬೋರ್ಡು ಇಳಿಸಿ.’ ಬೇರೆಯವರ ಬ್ರ್ಯಾಂಡಿನ ಫ್ರಾಂಚೈಸಿ ತೆಗೆದುಕೊಂಡು ದೋಸೆ ಅಂಗಡಿ ನಡೆಸುವವರು ಗಾಬರಿಯಲ್ಲಿ ವಕೀಲರಿಗೆ ಫೋನ್ ಮಾಡಿದರೆ ಮೊದಲು ಕೇಳಬೇಕಾದ್ದು ಎರಡೇ. ಲಕೋಟೆ ಎತ್ತಿಟ್ಟಿದ್ದೀರಾ? ಗಡುವು ನೋಟಿಸ್ ಕೈಸೇರಿದ ದಿನದಿಂದ ಎಂದಿದ್ದರೆ ಅಂಚೆ ಮುದ್ರೆ ಬೇಕಾಗುತ್ತದೆ. ನೋಟಿಸ್ ಕಳಿಸಿದವರಿಗೆ ಏನಾದರೂ ಉತ್ತರ ಕೊಟ್ಟಿರಾ? ‘ಗೊತ್ತಿರಲಿಲ್ಲ ಸರ್, ಬದಲಾಯಿಸ್ತೀವಿ’ ಎಂಬ ಒಂದು ವಾಟ್ಸ್ಆ್ಯಪ್ ಮೆಸೇಜು ನಾಳೆ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ಎದುರು ನಿಲ್ಲುತ್ತದೆ.

ಆಮೇಲೆ ಫ್ರಾಂಚೈಸಿ ಕರಾರು ತೆಗೆದು ನೋಡಿ. ಟ್ರೇಡ್‌ಮಾರ್ಕ್ ಕಲಮಿನಲ್ಲಿ ಹುಡುಕಬೇಕಾದ್ದು ಒಂದು ಕ್ರಿಯಾಪದ. ಬ್ರ್ಯಾಂಡಿನ ಮಾಲೀಕರು ಕ್ರಮ ‘ಕೈಗೊಳ್ಳಬಹುದು’ ಅಂತಿದೆಯೋ, ‘ಕೈಗೊಳ್ಳತಕ್ಕದ್ದು’ ಅಂತಿದೆಯೋ? ಇಂಗ್ಲಿಷ್ ಕರಾರಾದರೆ ‘ಮೇ’ನೋ ‘ಶಾಲ್’ಓ? ಹೆಚ್ಚಿನ ಕರಾರುಗಳಲ್ಲಿ ಇರುವುದು ‘ಬಹುದು’. ಅಂದರೆ ಕೇಸು ನಡೆಸುವ ಅಧಿಕಾರವೆಲ್ಲ ಅವರದು, ನಡೆಸಲೇಬೇಕೆಂಬ ಹೊಣೆ ಇಲ್ಲ. ಫ್ರಾಂಚೈಸಿಯ ಪಾಲಿಗೆ ಮಾತ್ರ ಎಲ್ಲವೂ ‘ತಕ್ಕದ್ದು’: ನೋಟಿಸ್ ಬಂದದ್ದನ್ನು ಇಂತಿಷ್ಟು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು, ತಾನಾಗಿ ರಾಜಿಯಾಗದೆ ಇರತಕ್ಕದ್ದು. ಈ ಗಡುವು ತಪ್ಪಿದರೆ ನಷ್ಟ ತುಂಬಿಕೊಡುವ ಮಾತನ್ನೂ ಅವರು ತಳ್ಳಿಹಾಕಬಹುದು. ಆದ್ದರಿಂದ ಮಾಲೀಕರಿಗೆ ಅಂದೇ ಇಮೇಲ್, ಅಂದೇ ಸ್ಪೀಡ್ ಪೋಸ್ಟ್.

ಮಾಲೀಕರು ಕೈಕಟ್ಟಿ ಕೂತರೆ? ಮಾರ್ಕು ನಕಲು ಮಾಡಿದವರ ಮೇಲೆ ಫ್ರಾಂಚೈಸಿಯೇ ದಾವೆ ಹೂಡಬಹುದಲ್ಲ ಎಂದು ಹಲವರು ಅಂದುಕೊಂಡಿರುತ್ತಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 53ನೇ ಕಲಮು ಅದಕ್ಕೆ ಅಡ್ಡ ಬರುತ್ತದೆ: ಬರೀ ಕರಾರಿನ ಮೇಲೆ ಮಾರ್ಕು ಬಳಸುವವರಿಗೆ ಆ ಹಕ್ಕಿಲ್ಲ. ನೋಂದಾಯಿತ ಬಳಕೆದಾರರಾದರೆ, ಅಂದರೆ ಮಾರ್ಕು ಬಳಸುವವರೆಂದು ರಿಜಿಸ್ಟ್ರಿಯಲ್ಲಿ ದಾಖಲಾಗಿದ್ದರೆ, 52ನೇ ಕಲಮಿನಡಿ ಮಾಲೀಕರನ್ನು ಪ್ರತಿವಾದಿ ಮಾಡಿಕೊಂಡು ತಮ್ಮ ಹೆಸರಲ್ಲೇ ಹೂಡಬಹುದು, ಕರಾರು ಬೇಡ ಎನ್ನದಿದ್ದರೆ. ಹಾಗೆ ದಾಖಲಾಗಲು ಟಿಎಂ-ಯು ಫಾರಮ್ಮು ಕೊಡಬೇಕು, ಮಾಲೀಕರೂ ಫ್ರಾಂಚೈಸಿಯೂ ಸೇರಿ, ಕರಾರಾದ ಆರು ತಿಂಗಳೊಳಗೆ. ಈ ಕೆಲಸ ಯಾರೂ ಮಾಡಿಸಿರುವುದಿಲ್ಲ!

ಇನ್ನು ಮಾರ್ಕು ನಿಜವಾಗಿ ನೋಂದಣಿಯಾಗಿದೆಯೇ? ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಹಣೆಬರಹ ತಿಳಿಯುತ್ತದೆ. ‘ಆಬ್ಜೆಕ್ಟೆಡ್’ (ರಿಜಿಸ್ಟ್ರಿಯದೇ ಆಕ್ಷೇಪ), ‘ಅಪೋಸ್ಡ್’ (ಬೇರೆಯವರ ವಿರೋಧ) ಅಂತಿದ್ದರೆ ನಿಮಗೆ ಮಾರಿದ್ದು ಇನ್ನೂ ಬರೀ ಅರ್ಜಿ. ಯಾವ ಸರಕು, ಸೇವೆಗೆ ನೋಂದಣಿ ಎಂದು ಹೇಳುವ ವರ್ಗಸಂಖ್ಯೆಯನ್ನೂ ನೋಡಿ: ಹೋಟೆಲ್ ಸೇವೆಗೆ 43. ಚಟ್ನಿಪುಡಿ, ಮಸಾಲೆಗೆಂದು 30ರಲ್ಲಿ ಮಾತ್ರ ನೋಂದಣಿ ಮಾಡಿಸಿ ಹೋಟೆಲ್ ಫ್ರಾಂಚೈಸಿ ಹಂಚಿದ್ದರೆ ಬುಡವೇ ಟೊಳ್ಳು. (ಅಂದಹಾಗೆ ‘ಬೆಣ್ಣೆದೋಸೆ’ ಎಂಬುದು ತಿಂಡಿಯ ಹೆಸರು. ಆ ಪದ ಒಂದನ್ನೇ ಹಿಡಿದು ನೋಟಿಸ್ ಕಳಿಸಿದ್ದರೆ ಅಷ್ಟೇನೂ ಹೆದರಬೇಕಿಲ್ಲ.)

ನೋಂದಣಿ ಇದ್ದ ಮಾತ್ರಕ್ಕೆ ಗೆದ್ದಂತೆಯೂ ಅಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು ಇದನ್ನೇ: ನೋಂದಣಿ ಮಾಡಿಸಿದವರಿಗಿಂತ ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ಮೇಲು. ಹಾಗಾಗಿ ಮಾಲೀಕರಿಂದ ಹಳೆಯ ಬಿಲ್ಲು, ಜಾಹೀರಾತು, ಲೈಸೆನ್ಸ್ ಪ್ರತಿಗಳನ್ನು ಆ ವಾರವೇ ತರಿಸಿಕೊಳ್ಳಬೇಕು.

ನಷ್ಟಭರ್ತಿ ಕಲಮನ್ನು ಸಹಿಗೆ ಮೊದಲೇ ಜಗ್ಗಾಡಬೇಕಿತ್ತು. ವಕೀಲರ ಫೀಸು ಮಾತ್ರ ಬರೆದಿದ್ದರೆ ಸಾಲದು. ಹೆಸರು ಬದಲಾದರೆ ಬೋರ್ಡು, ಮೆನು, ಪಾರ್ಸೆಲ್ ಡಬ್ಬಿ, ಡೆಲಿವರಿ ಆ್ಯಪಿನ ಪುಟ, ಅಲ್ಲಿ ಕೂಡಿಹಾಕಿದ ರೇಟಿಂಗು ಎಲ್ಲ ಹೋಗುತ್ತವೆ. ಇವೂ ಅದರಲ್ಲಿರಬೇಕು, ಮಾಲೀಕರಿಗೆ ಕಟ್ಟುವ ರಾಯಲ್ಟಿಯಲ್ಲಿ ವಿನಾಯಿತಿಯೂ.

ಸಂಜೆಯೊಳಗೆ ಇನ್ನೊಂದು ಕೆಲಸ, ಕೇವಿಯೆಟ್ ಕಾಗದ ಸಿದ್ಧಮಾಡುವುದು, ಅಂದರೆ ನಮ್ಮ ಮಾತು ಕೇಳದೆ ಆಜ್ಞೆ ಕೊಡಬೇಡಿ ಎಂದು ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ. ಹಾಕಿದರೆ ತಡೆಯಾಜ್ಞೆಗೆ ಮುಂಚೆ ನಮಗೂ ತಿಳಿಸಬೇಕಾಗುತ್ತದೆ. 90 ದಿನ ಜೀವಂತ. ಆದರೆ ಟ್ರೇಡ್ ಮಾರ್ಕ್ಸ್ ಕಾಯ್ದೆಯ 134ನೇ ಕಲಮಿನಂತೆ ಎದುರಾಳಿ ತನ್ನ ವ್ಯವಹಾರ ಇರುವ ಊರಲ್ಲೂ ದಾವೆ ಹೂಡಬಹುದು. ನಮ್ಮೂರಿನ ಕೋರ್ಟಿನಲ್ಲಿ ಮಾತ್ರ ಕೇವಿಯೆಟ್ ಹಾಕಿ ಕೂತರೆ, ಅವರೂರಿನ ಆಜ್ಞೆ ಬಂದು ಬಾಗಿಲಿಗೆ ಬೀಳುತ್ತದೆ.