ಯುಗಾದಿ ಹೊತ್ತಿಗೆ ಅಳಿವೆ ದಡದಲ್ಲಿ ಟೆಂಟು, ಗಾಳ

ಯುಗಾದಿ ಆಸುಪಾಸಿನಲ್ಲಿ ಅಘನಾಶಿನಿ ಅಳಿವೆಗೆ ಗಾಳ ಹಾಕಲು ಬರುವವರು ಮಳೆ ಬಂದೀತೇ ಎಂದು ಕಡಲನ್ನೇ ನೋಡುತ್ತಾರೆ. ನೋಡಬೇಕಾದ್ದು ಮೂಡಣ ದಿಕ್ಕು. ಈ ಕಾಲದ ಅಡ್ಡಮಳೆ ಹೆಚ್ಚಾಗಿ ಹುಟ್ಟುವುದು ಘಟ್ಟದ ಮೇಲೆ. ಮಧ್ಯಾಹ್ನ ಹೂಕೋಸಿನಂತೆ ಉಬ್ಬಿದ ಮೋಡ ಸಂಜೆ ಇತ್ತ ಸರಿದರೆ ಮಳೆಗಿಂತ ಮೊದಲು ಗಾಳಿ ಬರುತ್ತದೆ, ಅದೂ ಹಗಲಿನ ಕಡಲಗಾಳಿಗೆ ತೀರಾ ಉಲ್ಟಾ. ಕಡಲಿಗೆ ಬೆನ್ನು ಹಾಕಿ, ಬಾಗಿಲನ್ನು ಮೂಡಲಿಗೆ ಇಟ್ಟ ಟೆಂಟು ಆಗಲೇ ಹಾರುವುದು. ಬಾಗಿಲು ತೆಂಕಲಿಗಿರಲಿ.

ಟೆಂಟಿನ ಜೊತೆ ಕೊಡುವ ಗೂಟ ಹೊಯ್ಗೆಯಲ್ಲಿ ನಿಲ್ಲುವುದಿಲ್ಲ. 5 ಕಿಲೋ ಅಕ್ಕಿಚೀಲಕ್ಕೆ ಹೊಯ್ಗೆ ತುಂಬಿ, ಬಾಯಿ ಬಿಗಿದು, ಹಗ್ಗ ಕಟ್ಟಿ ಒಂದೂವರೆ ಅಡಿ ಆಳಕ್ಕೆ ಹೂತು ಮೆಟ್ಟಿ. ತೆಂಗಿನ ಬುಡ ಬೇಡ, ಕಾರಣ ಹೇಳಬೇಕಿಲ್ಲ.

ಅಷ್ಟಮಿ ಸುಮಾರಿನ ಭರತದ (ಉಬ್ಬರದ) ಗುರುತು ನಂಬಿ ಹುಣ್ಣಿಮೆಗೆ ಮಲಗಿದರೆ ನೀರು ಹಾಸಿಗೆಗೇ ಬರುತ್ತದೆ. ಒಣಗಿದ ಹಳೇ ಕಸದ ಗೆರೆ ಹುಡುಕಿ, ಅದರಿಂದಲೂ ಮೇಲೆ ಹೋಗಿ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಷ್ಟು ನಿರಾಳ. ಕಾಳಿ ನದಿಯಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ, ಶರಾವತಿಯಲ್ಲಿ ಗೇರುಸೊಪ್ಪೆ ಅಣೆಕಟ್ಟಿನ ಕೆಳಗೆ ಬಾನು ತಿಳಿಯಾಗಿದ್ದರೂ ನೀರು ಏರೀತು. ನದಿ ನಡುವಿನ ದಿಬ್ಬದಲ್ಲಿ ರಾತ್ರಿ ಇರಲೇಬೇಡಿ.

ಕೆಂಬೇರಿ ಮೀನಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಭರತದ ಮೊದಲ ಎರಡು ತಾಸು. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. 20 ಪೌಂಡ್ ಭಾರ ತಾಳುವ ಹೆಣೆದ ದಾರ, ತುದಿಗೆ ಎರಡಡಿ ಉದ್ದದ 30 ಪೌಂಡಿನ ನೈಲಾನ್. ಅದಕ್ಕಿಂತ ತೆಳುವಾದರೆ ಕಾಂಡ್ಲಾ ಬೇರಿಗೆ ತಾಗಿ ಕತ್ತರಿಸುತ್ತದೆ. 30 ಗ್ರಾಂ ಸೀಸದ ಗುಂಡು ದಾರದ ಮೇಲೆ ಜಾರುವಂತಿರಲಿ: ಮೀನು ಎಳೆದಾಗ ಭಾರ ಗೊತ್ತಾಗಬಾರದು. ಜೀವಂತ ಶೆಟ್ಲಿಯ (ಸಿಗಡಿಯ) ಬಾಲದ ತುದಿಯಿಂದ ಎರಡನೇ ಗಂಟಿಗೆ ಕೊಕ್ಕೆ ಚುಚ್ಚಿ. ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗಿದರೆ ಶೆಟ್ಲಿ ಅಲ್ಲೇ ಸಾಯುತ್ತದೆ. ಜೋರು ಮಳೆ ಹೊಡೆದ ಮೇಲೆ ಸಿಹಿನೀರು ಮೇಲೆ ತೇಲುತ್ತದೆ, ಉಪ್ಪುನೀರು ಭಾರವಾದ್ದರಿಂದ ಅಡಿಯಲ್ಲೇ ಇರುತ್ತದೆ. ಗಾಳವೂ ಅಡಿಗೇ ಇಳಿಯಲಿ.

ಗುಡುಗು ಕೇಳಿದೊಡನೆ ಕಾರ್ಬನ್ ಕೋಲು ನೆಲಕ್ಕಿಡಿ, ಅದು ವಿದ್ಯುತ್ ಹರಿಸುತ್ತದೆ. ಗಟ್ಟಿ ಕಟ್ಟಡಕ್ಕೋ ಕಾರಿನೊಳಗೋ ಹೋಗಿ, ಕೊನೇ ಗುಡುಗಿನ ನಂತರ 30 ನಿಮಿಷ ಬಿಟ್ಟು ಬನ್ನಿ. ಟೆಂಟು ಸಿಡಿಲಿಗೆ ಆಸರೆಯಲ್ಲ.

ಕತ್ತಲಲ್ಲಿ ಸಿಗುವುದು ಹೆಚ್ಚಾಗಿ ತೇಡೆ ಮೀನು. ಬೆನ್ನಿನದೊಂದು, ಪಕ್ಕದವೆರಡು ಮುಳ್ಳು, ಮೂರಕ್ಕೂ ವಿಷ. ಕೈಯಿಂದ ಹಿಡಿಯದೆ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ತಾಸು ಅದ್ದಿಡಿ, ಶಾಖಕ್ಕೆ ಆ ವಿಷ ಕೆಡುತ್ತದೆ. ಮುಳ್ಳು ಒಳಗೇ ಮುರಿದಿದ್ದರೆ ಕುಮಟಾ ಆಸ್ಪತ್ರೆಗೆ ಹೋಗುವುದೇ ಸರಿ. ಥರ್ಮಾಸಿನ ನೀರನ್ನೆಲ್ಲ ಚಹಾಕ್ಕೇ ಸುರಿಯಬೇಡಿ.